ಹಸಿರು ಕಾರಿನ ಮೇಸ್ತ್ರಿ

ಮೇಸ್ತ್ರಿ ತೀರಿಕೊಂಡ ಸುದ್ದಿಯನ್ನು ನನಗೆ ಫೋನಿನಲ್ಲಿ ಹೇಳಿದವನು ಬಹರೈನಿನ ಕಾಲದ ಒಬ್ಬ ಪರಿಚಯಸ್ಥ. ಅಲ್ಲಿನ ಗುದೈಬಿಯಾ ಪೇಟೆಯಲ್ಲಿ ನಮ್ಮ ಮೇಲಿನ ಮಾಳಿಗೆಯಲ್ಲಿದ್ದವನು. ಸುದ್ದಿ ಹೇಳಿ ಸುಮ್ಮನಾಗಿದ್ದರೆ ನಾನು ಈ ಬರಹಕ್ಕೆ ಕೂರುತ್ತಿರಲಿಲ್ಲ. ಅವನು ಅದಕ್ಕೊಂದು ಬಾಲ ಸೇರಿಸಿದ.

"ಪಾಪ, ಒಳ್ಳೆ ಕೈ ಮಾರಾಯ. ಆದ್ರೆ ಹಠ. ಆ ಹಸಿರು ಕಾರು ಹಾಳು ಮಾಡಿದ್ದಕ್ಕಲ್ವಾ ಕಂಪೆನಿಯವರು ಓಡಿಸಿದ್ದು?"

ಅಲ್ಲ. ಕಾರು ಹಾಳು ಮಾಡಿದ್ದು ಅವರಲ್ಲ, ಅವರನ್ನು ಯಾರೂ ಓಡಿಸಲೂ ಇಲ್ಲ. ಇದನ್ನು ಫೋನಿನಲ್ಲೇ ಹೇಳಿದೆ. "ಹೌದಾ, ನಾವು ಕೇಳಿದ್ದು ಹಾಗೆ" ಎಂದು ಅವನು ತನ್ನ ಮೊಣಕಾಲು ನೋವಿನ ವಿಷಯಕ್ಕೆ ಹೋದ. ಗುದೈಬಿಯಾದ ಹೋಟೆಲುಗಳಲ್ಲಿ ಚಾ ಕುಡಿಯುತ್ತಾ ನಮ್ಮವರು ವರ್ಷಗಟ್ಟಲೆ ಹೇಳಿಕೊಂಡು ಬಂದ ಕತೆ ಅದು. ಅದು ಸುಳ್ಳು ಎನ್ನುವುದಕ್ಕೆ ಈಗ ಉಳಿದ ಸಾಕ್ಷಿ ನಾನೊಬ್ಬನೇ. ಆ ಸುಳ್ಳನ್ನು ಮೊದಲ ಸಲ ಟೈಪ್ ಮಾಡಿದವನೂ ನಾನೇ. ಹಾಗಾಗಿ ಇದನ್ನು ಬರೆಯುವ ಹೊಣೆಯನ್ನು ಬೇರೆ ಯಾರ ಮೇಲೂ ಹಾಕುವಂತಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಅವರನ್ನು ಕರೆದವರು ಪಾಸ್‌ಪೋರ್ಟು ನೋಡುವವರು ಮಾತ್ರ. ನಮ್ಮವರಿಗೆಲ್ಲ ಅವರು ಮೇಸ್ತ್ರಿ. ಗ್ಯಾರೇಜಿನ ಪಠಾಣರಿಗೂ ಅರಬರಿಗೂ ಉಸ್ತಾದ್. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಸನದ್‌ನ ರಸ್ತೆ ಬದಿಯಲ್ಲಿ ತಗಡಿನ ಮಾಡಿನ ನಾಲ್ಕು ಶೆಡ್ಡುಗಳ ಗ್ಯಾರೇಜು ನಮ್ಮದು. ಅಲ್ಲಿನ ಆಫೀಸಿನಲ್ಲಿ ನಾನು ಟೈಪಿಸ್ಟ್, ಅವರು ಕಾರುಗಳಿಗೆ ಬಣ್ಣ ಹೊಡೆಯುವ ಮೇಸ್ತ್ರಿ. ಗಲ್ಫಿಗೆ ಬರುವಾಗಲೇ ಅವರಿಗೆ ನಲವತ್ತೈದು ದಾಟಿತ್ತು. ಅದಕ್ಕೆ ಮೊದಲು ಮಂಗಳೂರಿನಲ್ಲಿ ಬಸ್ಸುಗಳಿಗೆ ಬಾಡಿ ಕಟ್ಟುವ ಶಾಪಿನಲ್ಲಿ ಇಪ್ಪತ್ತು ವರ್ಷ ದುಡಿದವರು. ಬಸ್ಸಿನ ಮೂತಿಯಿಂದ ಬಾಲದವರೆಗೆ ಕೆಂಪು ಗೆರೆಯನ್ನು ಪಟ್ಟಿಯಿಲ್ಲದೆ, ದಾರವಿಲ್ಲದೆ, ಬರೀ ಕೈಯಲ್ಲಿ ಎಳೆಯುತ್ತಿದ್ದರಂತೆ. ನಾನು ನಂಬಲಿಲ್ಲ. ಒಂದು ದಿನ ಗ್ಯಾರೇಜಿನ ಹಿಂದಿನ ಗೋಡೆಗೆ ಈ ತುದಿಯಿಂದ ಆ ತುದಿಗೆ ಎಳೆದು ತೋರಿಸಿದರು. ನಾನು ಸ್ಕೇಲು ತಂದು ಪರೀಕ್ಷೆ ಮಾಡಿದೆ. ಅವರು ನಗಲಿಲ್ಲ, "ಸ್ಕೇಲು ಸರಿ ಉಂಟಾ ನೋಡು" ಎಂದರು.

ತೆಳ್ಳಗಿನ, ಎತ್ತರದ ಮನುಷ್ಯ. ಸ್ಪ್ರೇ ಗನ್ ಹಿಡಿದು ಹಿಡಿದು ಬಲ ಹೆಗಲು ಸ್ವಲ್ಪ ಕೆಳಗೆ ಇಳಿದಿತ್ತು. ಹುಬ್ಬಿನಲ್ಲಿ ಯಾವಾಗಲೂ ಯಾವುದೋ ಒಂದು ಬಣ್ಣ ಇರುತ್ತಿತ್ತು. ಅದನ್ನು ನೋಡಿ ಈಗ ಶೆಡ್ಡಿನೊಳಗೆ ಯಾವ ಕಾರಿದೆ ಎಂದು ನಾವು ಹೇಳುತ್ತಿದ್ದೆವು. ಕಾರಿನ ಮೈ ಪರೀಕ್ಷಿಸುವಾಗ ಕಣ್ಣು ಮುಚ್ಚಿಕೊಂಡು ಬೆರಳುಗಳ ಹಿಂಬದಿಯನ್ನು ಮೆಲ್ಲಗೆ ಓಡಿಸುತ್ತಿದ್ದರು. ಅಂಗೈ ಯಾಕಲ್ಲ ಎಂದು ಕೇಳಿದ್ದಕ್ಕೆ, "ಅಂಗೈ ದುಡಿದು ಸತ್ತಿದೆ, ಹಿಂಬದಿಗೆ ಇನ್ನೂ ಜೀವ ಉಂಟು" ಎಂದರು.

ಕೆಲಸ ಮಾಡುವುದು ಲುಂಗಿ ಉಟ್ಟು, ಬನಿಯನ್ ಹಾಕಿ. ಮ್ಯಾನೇಜರಿಗೆ ಇದು ನುಂಗಲಾರದ ತುತ್ತು. ಮ್ಯಾನೇಜರ್ ಕೂಡ ನಮ್ಮ ಕರಾವಳಿಯವರೇ, ಓದಿದವರು, ಆ ಸೆಕೆಯಲ್ಲೂ ಟೈ ಬಿಚ್ಚದವರು. ಒಂದು ದಿನ ನನ್ನನ್ನೂ ಕರೆದುಕೊಂಡು ಶೆಡ್ಡಿಗೆ ಹೋಗಿ ಹೇಳಿದರು: "ಮೇಸ್ತ್ರಿಗಳೇ, ಇದು ಕಂಪೆನಿ. ನಿಮ್ಮ ಮನೆಯ ಜಗಲಿ ಅಲ್ಲ. ನಾಳೆಯಿಂದ ಪ್ಯಾಂಟು ಹಾಕಿ ಬರ್ಬೇಕು."

"ಪ್ಯಾಂಟಿಗೆ ಜಿಪ್ ಉಂಟು, ಬಟನ್ ಉಂಟು, ಬೆಲ್ಟ್ ಉಂಟು. ಎಲ್ಲ ಕಾರಿಗೆ ಗೀರುದು. ಗೀರಿದ್ರೆ ನೀವು ಪಾಲಿಶ್ ಮಾಡ್ತೀರಾ?"

ಮ್ಯಾನೇಜರ್ ಏನೋ ಹೇಳಲು ಹೋಗಿ ಹತ್ತಿರದ ಮಡ್‌ಗಾರ್ಡಿಗೆ ಒರಗಿದರು. "ಹಾಂ, ಅಲ್ಲೇ! ಅಲ್ಲೇ ಗೀರಿದ್ದು ಈಗ" ಎಂದು ಮೇಸ್ತ್ರಿ ಕಿರುಚಿದ್ದಕ್ಕೆ ಇಡೀ ಶೆಡ್ಡು ತಿರುಗಿ ನೋಡಿತು. ಲುಂಗಿಯ ವಿಷಯ ಅಲ್ಲಿಗೆ ಮುಗಿಯಿತು. ನಾನಂತೂ ಆಮೇಲೆ ಅವರ ಶೆಡ್ಡಿಗೆ ಹೋಗುವಾಗ ಬೆಲ್ಟು, ವಾಚು ಎಲ್ಲ ಬಿಚ್ಚಿ ಆಫೀಸಿನಲ್ಲೇ ಇಟ್ಟು, ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಹೋಗುತ್ತಿದ್ದೆ.

ಗಿರಾಕಿಗಳಿಗೂ ಅದೇ ಮರ್ಯಾದೆ. ಒಬ್ಬನಿಗೆ ಕಾರು ಮಾರುವ ಅವಸರ. ಬಾಗಿಲ ಕೆಳಗಿನ ತುಕ್ಕಿನ ಮೇಲೆ ತೂತು ಮುಚ್ಚುವ ಪುಟ್ಟಿ ಬಳಿದು, ಮೇಲೊಂದು ಕೋಟು ಹೊಡೆದು ಕೊಟ್ಟರೆ ಸಾಕು ಎಂದ. ಮೇಸ್ತ್ರಿ ಸ್ಕ್ರೂಡ್ರೈವರನ್ನು ಆ ತುಕ್ಕಿಗೆ ಚುಚ್ಚಿದರು. ಅದು ಹಿಡಿಯವರೆಗೆ ಒಳಗೆ ಹೋಯಿತು. "ಈಗ ಎಂತ ಬಳಿಯುದು ಹೇಳಿ" ಎಂದು ಶಾಂತವಾಗಿ ಕೇಳಿದರು. ಆ ಗಿರಾಕಿ ನಮ್ಮ ಗ್ಯಾರೇಜಿಗೆ ಮತ್ತೆ ಬರಲಿಲ್ಲ. ಇಂಥವರು ಕಡಿಮೆಯೇನಲ್ಲ, ಮ್ಯಾನೇಜರ್ ಒಂದು ಲೆಕ್ಕದಲ್ಲಿ ಅವರನ್ನು ಸಹಿಸಿಕೊಂಡದ್ದೇ ದೊಡ್ಡದು ಎಂದು ನಾನೂ ಒಪ್ಪುತ್ತೇನೆ. ಆದರೆ ಅವರ ಕೈಯಿಂದ ಹೊರಬಂದ ಕಾರನ್ನು ನೋಡಿದವರು ಮತ್ತೆ ಬೇರೆಯವರ ಹತ್ತಿರ ಹೋಗುತ್ತಿರಲಿಲ್ಲ. ಅದಕ್ಕಾಗಿ ಸಹಿಸಿಕೊಂಡದ್ದು, ಧರ್ಮಕ್ಕಲ್ಲ.

ಆ ಹಸಿರು ಕಾರು ಬಂದದ್ದು ಲಾರಿಯ ಬೆನ್ನ ಮೇಲೆ, ಕಡಲಂಚಿನ ಊರು ಹಿದ್‌ನಿಂದ. ಬರುವಾಗ ಅದು ಹಸಿರಾಗಿರಲಿಲ್ಲ. ಕೆಂಪು ಎನ್ನಬಹುದಾದ ಒಂದು ಬಣ್ಣ, ಅದು ಎದ್ದ ಕಡೆಯಲ್ಲಿ ಆಕಾಶನೀಲಿ, ಅದೂ ಎದ್ದ ಕಡೆಯಲ್ಲಿ ತುಕ್ಕು. ಇಬ್ಬರೇ ಕೂರುವ, ಮೇಲೆ ಮಾಡು ಇಲ್ಲದ, ನೆಲಕ್ಕೆ ಅಂಟಿಕೊಂಡು ಓಡುವ ಜಾತಿಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರು, ಐವತ್ತರ ದಶಕದ್ದು. ಪಾರಿವಾಳಗಳು ಅದರ ಮೇಲೆ ಎಷ್ಟು ವರ್ಷ ಸಂಸಾರ ಮಾಡಿದ್ದವೋ ಗೊತ್ತಿಲ್ಲ. ಉಪ್ಪುಗಾಳಿ ಮಿಕ್ಕ ಕೆಲಸ ಮುಗಿಸಿತ್ತು.

ಅದರ ಯಜಮಾನರು ಹಿದ್‌ನ ಒಬ್ಬ ವಯಸ್ಸಾದ ಅರಬರು. ಮನೆತನಕ್ಕೆ ಹಿಂದೆ ಹಡಗುಗಳಿದ್ದವಂತೆ. ಚಿಕ್ಕಂದಿನಲ್ಲಿ ಬೊಂಬಾಯಿಯಲ್ಲಿ ಇದ್ದವರು, ಹಿಂದಿ ನಮಗಿಂತ ಚೆನ್ನಾಗಿ ಮಾತಾಡುತ್ತಿದ್ದರು. ಮದುವೆಯಾದ ವರ್ಷ ತರಿಸಿದ ಕಾರು. ಆಮೇಲೆ ಮಕ್ಕಳು ಒಬ್ಬೊಬ್ಬರೂ ತಮಗೆ ಬೇಕಾದ ಬಣ್ಣ ಹೊಡೆಸಿ ಆಟ ಆಡಿ ಬಿಟ್ಟಿದ್ದರು. "ಹಡಗಿನಿಂದ ಇಳಿಸಿದ ದಿನ ಹೇಗಿತ್ತೋ ಹಾಗೆ ಬೇಕು" ಎಂದರು. ಆ ದಿನ ಬಣ್ಣ ಹೇಗಿತ್ತು ಎಂದು ಕೇಳಿದರೆ "ಹಸಿರು" ಎನ್ನುತ್ತಿದ್ದರು. ಎಂಥ ಹಸಿರು ಎಂದರೆ ಕೈ ಆಡಿಸಿ ಹೇಳಲಾಗದೆ ಬಿಡುತ್ತಿದ್ದರು.

ಮೇಸ್ತ್ರಿ ಆ ಹಸಿರನ್ನು ಹುಡುಕಿ ತೆಗೆದರು. ಸೀಟು ಬಿಚ್ಚಿ, ನೆಲಹಾಸು ಕಿತ್ತು, ಕೊನೆಗೆ ಸ್ಟೆಪ್ನಿ ಟಯರನ್ನು ಹಿಡಿದಿಡುವ ಪಟ್ಟಿಯ ಅಡಿಯಲ್ಲಿ ಎರಡು ಬೆರಳಗಲದ ಜಾಗ ಸಿಕ್ಕಿತು. ಯಾರ ಬ್ರಷ್ಷೂ ಮುಟ್ಟದ, ಬಿಸಿಲೂ ಕಾಣದ ಜಾಗ. ಹಳೆಯ ಬಾಟಲಿಯ ದಪ್ಪ ತಳದಂಥ ಹಸಿರು. ಅದನ್ನು ಹೊಂದಿಸಲು ಹದಿನೇಳು ತಗಡಿನ ತುಂಡುಗಳಿಗೆ ಹದಿನೇಳು ಹಸಿರು ಹೊಡೆದು ಬಿಸಿಲಿಗೆ ಇಟ್ಟರು. ನಮಗೆ ಎಲ್ಲವೂ ಒಂದೇ. "ಇದರಲ್ಲಿ ಹಳದಿ ಹೆಚ್ಚಾಯ್ತು, ಇದು ಕಾಯಿಲೆ ಬಿದ್ದವನ ಹಾಗೆ ಉಂಟು, ಇದು ಪೊಲೀಸ್ ಜೀಪಿಗೆ ಆದೀತು" ಎಂದು ಒಂದೊಂದನ್ನೇ ಎಸೆದು, ಹದಿನೇಳನೆಯದನ್ನು ಕಿಸೆಯಿಲ್ಲದ ಕಾರಣ ಲುಂಗಿಯ ಮಡಿಲಲ್ಲಿ ಸಿಕ್ಕಿಸಿಕೊಂಡು ರೂಮಿಗೆ ಹೋದರು. ಅಷ್ಟು ಖುಷಿಯಲ್ಲಿ ಅವರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮೂರು ತಿಂಗಳು ಹಿಡಿಯಿತು. ಹಳೆಯ ಬಣ್ಣವನ್ನೆಲ್ಲ ತಗಡು ಕಾಣುವವರೆಗೆ ತೆಗೆದರು. ತುಕ್ಕು ತಿಂದ ಭಾಗ ಕತ್ತರಿಸಿ ಹೊಸ ತಗಡು ಬೆಸೆಸಿದರು. ಪ್ರೈಮರ್, ನೀರು ಹಾಕಿ ವಾಟರ್ ಪೇಪರಿನಲ್ಲಿ ಉಜ್ಜುವುದು, ಮತ್ತೆ ಒಂದು ಕೋಟು, ಮತ್ತೆ ಉಜ್ಜುವುದು. ಉಜ್ಜುವ ಕೆಲಸವನ್ನು ಯಾರಿಗೂ ಬಿಡಲಿಲ್ಲ. ಕೊನೆಯ ಕೋಟು ಮಾತ್ರ ಬಾಕಿ ಇದ್ದಾಗ ಗಾಳಿ ತಿರುಗಿತು.

ಬಹರೈನಿನಲ್ಲಿ ಇದ್ದವರಿಗೆ ಗೊತ್ತು. ಬಡಗಣ ಗಾಳಿ ಬೀಸಿದರೆ ಒಣ, ಮೈಯೆಲ್ಲ ಧೂಳು. ತೆಂಕಣದಿಂದ ಬೀಸಿದರೆ ಗೋಡೆಯೂ ಬೆವರುತ್ತದೆ. ಆ ತೇವದಲ್ಲಿ ಬಣ್ಣ ಹೊಡೆದರೆ ನೀರಿನ ಪಸೆ ಬಣ್ಣದೊಳಗೆ ಸಿಕ್ಕಿ ಹಾಲು ಚೆಲ್ಲಿದ ಹಾಗೆ ಬಿಳಿಚುತ್ತದೆ. ತೇವ ಅಳೆಯಲು ಆಫೀಸಿನ ಗೋಡೆಯಲ್ಲಿ ಮುಳ್ಳಿನ ಒಂದು ಯಂತ್ರವಿತ್ತು. ಮೇಸ್ತ್ರಿ ಅದನ್ನು ನಂಬುತ್ತಿರಲಿಲ್ಲ. ಅವರದು ಹಪ್ಪಳ.

ನಗಬೇಡಿ. ಊರಿಂದ ಬಂದ ಉದ್ದಿನ ಹಪ್ಪಳವನ್ನು ಬೆಳಿಗ್ಗೆ ರೂಮಿನಲ್ಲಿ ಕರಿದು, ಬಿಗಿ ಮುಚ್ಚಳದ ಹಾಲುಪುಡಿ ಡಬ್ಬಿಯಲ್ಲಿ ಹಾಕಿ ತರುತ್ತಿದ್ದರು. ಬಣ್ಣ ಹೊಡೆಯುವ ಮೊದಲು ಒಂದನ್ನು ತೆಗೆದು ಶೆಡ್ಡಿನ ನಡುವೆ ತಂತಿಗೆ ಸಿಕ್ಕಿಸಿ ಕಾಲು ಗಂಟೆ ಬಿಡುವುದು. ಆಮೇಲೆ ಮುರಿಯುವುದು. ಟಕ್ಕೆಂದು ಮುರಿದರೆ ಗನ್ ಕೈಗೆ ಬರುತ್ತಿತ್ತು. ಬಾಗಿದರೆ ಆ ದಿನ ಬಣ್ಣವಿಲ್ಲ. ಬಾಗಿದ್ದನ್ನು ಪಠಾಣರು ಚಾದಲ್ಲಿ ಅದ್ದಿ ತಿನ್ನುತ್ತಿದ್ದರು.

ಆ ವಾರ ಹಪ್ಪಳ ದಿನವೂ ಬಾಗಿತು. ಶನಿವಾರ ಕಂಪೆನಿಯ ಹೊಸ ಶೋರೂಮಿನ ಉದ್ಘಾಟನೆ. ಬಾಗಿಲಲ್ಲೇ ಈ ಕಾರು ನಿಲ್ಲಿಸುತ್ತೇನೆ ಎಂದು ಮ್ಯಾನೇಜರ್ ಕಂಪೆನಿಯ ಯಜಮಾನರಾದ ಅರಬಾಬಿಗೆ ಮಾತು ಕೊಟ್ಟುಬಿಟ್ಟಿದ್ದರು. ಗುರುವಾರ ಸಂಜೆ ಶೆಡ್ಡಿಗೆ ಬಂದು, "ಒಂದು ಹಪ್ಪಳಕ್ಕೆ ನಾನು ಅರಬಾಬಿಗೆ ಎಂತ ಹೇಳುದು ಮೇಸ್ತ್ರಿಗಳೇ?" ಎಂದರು.

"ಗಾಳಿ ಸರಿ ಇಲ್ಲ ಅಂತ ಹೇಳಿ. ಅವರು ಇದೇ ಊರಿನವರು, ಅವರಿಗೆ ಗೊತ್ತಾಗ್ತದೆ. ನಿಮಗೇ ಗೊತ್ತಾಗುದಿಲ್ಲ."

ಮಾರನೆಯ ದಿನ ಶುಕ್ರವಾರ, ರಜೆ. ಬೆಳಿಗ್ಗೆ ಮ್ಯಾನೇಜರ್ ನನ್ನನ್ನು ಕರೆಸಿದರು, ಮರುದಿನದ ಉದ್ಘಾಟನೆಗೆ ಬರುವ ಅತಿಥಿಗಳ ಪಟ್ಟಿ ಟೈಪ್ ಮಾಡಲು. ಹೋದಾಗ ಬೇರೆ ಕಡೆ ಲಾರಿಗಳಿಗೆ ಬಣ್ಣ ಹೊಡೆಯುವ ಒಬ್ಬನನ್ನು ಕರೆತಂದು ಶೆಡ್ಡಿನಲ್ಲಿ ನಿಲ್ಲಿಸಿದ್ದರು. ಮೇಸ್ತ್ರಿಯ ಹಾಲುಪುಡಿ ಡಬ್ಬಿ ಕಪಾಟಿನ ಮೇಲಿತ್ತು. ಮ್ಯಾನೇಜರ್ ಅದರ ಮುಚ್ಚಳ ತೆಗೆದು ಒಂದು ಹಪ್ಪಳ ಹಿಡಿದು ಅಲ್ಲೇ ಮುರಿದರು. ಟಕ್ಕೆಂದಿತು.

"ನೋಡು, ಗರಿಗರಿ ಉಂಟಲ್ಲ! ಸುಮ್ನೆ ಹೆದರಿಸುದು ಅವ. ಹೊಡಿ" ಎಂದು ಲಾರಿಯವನಿಗೆ ಸನ್ನೆ ಮಾಡಿ, ಹಪ್ಪಳದ ಅರ್ಧ ನನಗೆ ಕೊಟ್ಟರು.

ಅಷ್ಟು ದಿನ ಹಪ್ಪಳವನ್ನು ಹಾಸ್ಯ ಮಾಡಿದ ಮನುಷ್ಯ, ಕೊನೆಗೆ ಅದನ್ನೇ ನಂಬಿದ್ದು, ಅದೂ ತಪ್ಪಾಗಿ. ಕಾಲು ಗಂಟೆ ಗಾಳಿಗೆ ಬಿಡಬೇಕು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಹೇಳಲಿಲ್ಲ. ಕೈಯಲ್ಲಿದ್ದದ್ದನ್ನು ತಿಂದೆ.

ಲಾರಿಯವನು ಮೊದಲು ಬಾನೆಟ್ಟಿಗೆ ಹೊಡೆದ. ಅರ್ಧ ಗಂಟೆಯಲ್ಲಿ ಅದು ಬಿಳಿಚಿತು. ಮ್ಯಾನೇಜರ್ ಗಾಬರಿಯಾಗಿ, ಪಾಲಿಶ್ ಮೆಶೀನು ಹಾಕಿ ಉಜ್ಜಿಸಿದರು. ಇನ್ನೂ ಹಸಿಯಾಗಿದ್ದ ಬಣ್ಣ ಮುದ್ದೆಯಾಗಿ ಎದ್ದು ಬಂತು, ಅಂಚಿನಲ್ಲಿ ಪ್ರೈಮರ್ ಕಂಡಿತು, ಒಂದು ಕಡೆ ತಗಡೇ ಕಂಡಿತು. ಲಾರಿಯವನು ತನ್ನ ಸಾಮಾನು ಕಟ್ಟಿಕೊಂಡು ಹೋದ. ಆ ಮಧ್ಯಾಹ್ನ ಮೇಸ್ತ್ರಿಗೆ ನಮ್ಮ ಮನೆಯಲ್ಲಿ ಊಟ ಹೇಳಿತ್ತು. ನನ್ನ ಹೆಂಡತಿ ಬಂಗುಡೆ ಮೀನಿನ ಪುಳಿಮುಂಚಿ ಸಾರು ಮಾಡಿದ್ದಳು. ಅವರು ನನ್ನೆದುರು ಕೂತು, ಬಡಗಣ ಗಾಳಿ ಬಂದ ಕೂಡಲೇ ಆ ಕಾರನ್ನು ಹೇಗೆ ಮುಗಿಸುತ್ತೇನೆ ಎಂದು ಹೇಳುತ್ತಾ ಎರಡು ಸಲ ಅನ್ನ ಹಾಕಿಸಿಕೊಂಡರು. ನಾನು ಬೆಳಗಿನ ಸುದ್ದಿ ತೆಗೆಯದೆ ಬಂಗುಡೆಯ ಮುಳ್ಳು ಬಿಡಿಸುತ್ತಿದ್ದೆ.

ಶನಿವಾರ ಬೆಳಿಗ್ಗೆ ಅವರು ಶೆಡ್ಡಿನ ಬಾಗಿಲು ತೆರೆದಾಗ ನಾನು ಆಫೀಸಿನ ಕಿಟಕಿಯಿಂದ ನೋಡುತ್ತಿದ್ದೆ. ಕೂಗಾಡಬಹುದು ಎಂದುಕೊಂಡೆ. ಬಾನೆಟ್ಟಿನ ಮೇಲೆ ಬೆರಳುಗಳ ಹಿಂಬದಿಯನ್ನು ಅಂಚಿನಿಂದ ಅಂಚಿಗೆ ಓಡಿಸಿದರು, ಅಷ್ಟೆ. ಅಷ್ಟರಲ್ಲಿ ಒಳಗೆ ಮ್ಯಾನೇಜರ್ ಒಂದು ಕಾಗದದ ಕರಡು ನನ್ನ ಮೇಜಿನ ಮೇಲೆ ಇಟ್ಟಿದ್ದರು. ಐದು ನಿಮಿಷದ ಕೆಲಸ. ಇಂಗ್ಲಿಷಿನಲ್ಲಿ ಟೈಪ್ ಮಾಡುವಾಗ ಬೆರಳಿಗೆ ಅರ್ಥ ಮುಟ್ಟುವುದಿಲ್ಲ. ಅಕ್ಷರ ಹೊಡೆಯುತ್ತಾ ಹೋಗುತ್ತದೆ.

ಮೇಸ್ತ್ರಿಯನ್ನು ಕರೆಸಿದರು.

"ಒಂದು ಸಹಿ ಹಾಕಿ ಮೇಸ್ತ್ರಿಗಳೇ. ಎಂತ ಇಲ್ಲ, ಫೈಲಿಗೆ. ಅರಬಾಬಿಗೆ ಕಾರಣ ತೋರಿಸ್ಬೇಕಲ್ಲ. ನಿಮಗೆ ಒಂದು ವಾರ್ನಿಂಗ್ ಬರ್ತದೆ, ಅಷ್ಟೆ. ಕೆಲಸಕ್ಕೆ ಎಂತದೂ ಆಗುದಿಲ್ಲ."

"ಎಂತ ಬರ್ದದ್ದು?"

"ಇಂಗ್ಲಿಷ್. ಫಾರ್ಮಾಲಿಟಿ."

ಮೇಸ್ತ್ರಿ ನನ್ನ ಕಡೆ ತಿರುಗಿದರು. "ನೀನು ಓದು. ಕನ್ನಡದಲ್ಲಿ ಓದು."

ಓದಿದೆ. "ಶುಕ್ರವಾರ ರಜೆಯ ದಿನ, ಯಾರನ್ನೂ ಕೇಳದೆ, ನಾನು ಆ ಕಾರಿನ ಬಾನೆಟ್ಟಿಗೆ ಬಣ್ಣ ಹೊಡೆದೆ. ನನ್ನ ಅಜಾಗರೂಕತೆಯಿಂದ ಅದು ಕೆಟ್ಟಿತು. ತಪ್ಪು ನನ್ನದೇ." ಇಂಗ್ಲಿಷಿನಲ್ಲಿ ಸುಲಭವಾಗಿ ಬಂದ ಮೂರು ಸಾಲು ಕನ್ನಡದಲ್ಲಿ ಹಾಗೆ ಬರಲಿಲ್ಲ. ಕೊನೆಯ ಸಾಲನ್ನು ಎರಡು ಸಲ ಹೇಳಬೇಕಾಯಿತು.

"ಶುಕ್ರವಾರ ನಾನು ಎಲ್ಲಿ ಉಂಡದ್ದು?"

"ನಮ್ಮ ಮನೆಯಲ್ಲಿ."

"ಇದನ್ನು ನೀನು ಬರ್ದದ್ದಾ?"

"ಬರ್ದದ್ದು ಅವರು. ನಾನು ಟೈಪ್ ಮಾಡಿದ್ದು ಮಾತ್ರ."

"ಬೆರಳು ನಿನ್ನದಲ್ವಾ?" ಎಂದರು. ಕೋಪದಿಂದಲ್ಲ, ನಿಜವಾಗಿಯೂ ತಿಳಿಯಬೇಕು ಎನ್ನುವವರ ಹಾಗೆ. ಆಮೇಲೆ ಅವರು ಮ್ಯಾನೇಜರಿಗೆ ಹೇಳಿದರು: "ನನ್ನ ಕೈಯಿಂದ ಹಾಳಾದ ಕೆಲಸ ಉಂಟು. ಹತ್ತು ಉಂಟು. ಬೇಕಾದ್ರೆ ಒಂದೊಂದೇ ಹೇಳ್ತೇನೆ, ಬರ್ಕೊಳ್ಳಿ, ಎಲ್ಲದಕ್ಕೂ ಸಹಿ ಹಾಕ್ತೇನೆ. ಇದು ನನ್ನದಲ್ಲ."

"ಹಾಗಾದ್ರೆ ವೀಸಾ ಕ್ಯಾನ್ಸಲ್. ನಾಳೆ ಬಿಟ್ಟು ಮುಂದಿನ ಭಾನುವಾರದ ಟಿಕೆಟ್."

"ಆಯ್ತು" ಎಂದು ಶೆಡ್ಡಿಗೆ ಹೋದರು.

ಕ್ಯಾನ್ಸಲ್ ಎಂದರೆ ಎಲ್ಲ ಮುಗಿದಂತೆ. ಆ ಕಾಲದಲ್ಲಿ ಹಾಗೆ ಹೋದವನಿಗೆ ಮತ್ತೆ ಬರುವ ದಾರಿ ಇರಲಿಲ್ಲ. ಅವರ ಮಗಳು ಉಡುಪಿಯಲ್ಲಿ ಟೀಚರ್ ಟ್ರೈನಿಂಗ್ ಓದುತ್ತಿದ್ದಳು, ಇನ್ನೂ ಒಂದು ವರ್ಷ ಬಾಕಿ ಇತ್ತು. ನಾನು ಆ ಸಂಜೆ ಅವರ ರೂಮಿಗೆ ಹೋದೆ. ಕ್ಷಮೆ ಕೇಳಲು ಹೋದವನು ಬುದ್ಧಿ ಹೇಳತೊಡಗಿದೆ. ಒಂದು ಸಹಿ ಮೇಸ್ತ್ರಿ, ಫೈಲಿನೊಳಗೆ ಹೋದರೆ ಯಾರು ನೋಡುತ್ತಾರೆ ಎಂದೆ.

"ಪುಟ್ಟಿಯ ಅಡಿಯ ತುಕ್ಕನ್ನೂ ಯಾರೂ ನೋಡುದಿಲ್ಲ" ಎಂದರು. "ನೀನು ಊಟ ಮಾಡಿದ್ಯಾ?"

ಮಾರನೆಯ ದಿನ ಬೆಳಿಗ್ಗೆ ಅವರು ಎಂದಿನಂತೆ ಬಂದು ಲುಂಗಿ ಉಟ್ಟು ಬಾನೆಟ್ಟಿನ ಬಣ್ಣ ಕೀಳಲು ಕೂತರು. ನನಗೆ ತಡೆಯಲಾಗಲಿಲ್ಲ. "ಇವರು ನಿಮ್ಮನ್ನು ಕಳಿಸ್ತಾ ಇದ್ದಾರೆ. ಇನ್ನೂ ಇವರಿಗೆ ದುಡಿಯುದಾ?" ಎಂದು ಕೇಳಿದೆ.

"ಇವರಿಗಾ?" ಎಂದು ತಲೆ ಎತ್ತಿದರು. "ಬಾನೆಟ್ ಎಂತ ತಪ್ಪು ಮಾಡಿದ್ದು?"

ಮ್ಯಾನೇಜರ್ ತಡೆಯಲಿಲ್ಲ. ಕಾರು ಮುಗಿಯಬೇಕಿತ್ತಲ್ಲ. ಉದ್ಘಾಟನೆ ಕಾರಿಲ್ಲದೆಯೇ ನಡೆದುಹೋಗಿತ್ತು. ನಾಲ್ಕನೆಯ ದಿನ ಗಾಳಿ ಬಡಗಣಕ್ಕೆ ತಿರುಗಿತು. ಧೂಳು ಇಳಿಯಲಿ ಎಂದು ಮತ್ತೂ ಒಂದು ದಿನ ಕಾದು, ಅಂಗಳಕ್ಕೆಲ್ಲ ನೀರು ಹೊಡೆಸಿ, ಬಾಗಿಲು ಹಾಕಿ ಕೊನೆಯ ಕೋಟು ಹೊಡೆದರು. ಆಮೇಲೆ ಎರಡು ದಿನ ಉಜ್ಜಿದರು. ಕ್ರೋಮಿಯಂ ಬಂಪರನ್ನು, ಚಕ್ರದ ಒಂದೊಂದು ಕಡ್ಡಿಯನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದರು. ನಾನು ಜೀವನದಲ್ಲಿ ಬಹಳ ಕಾರು ನೋಡಿದ್ದೇನೆ. ಅಂಥದ್ದನ್ನು ನೋಡಿಲ್ಲ. ಹಸಿರಿನ ಆಳದಲ್ಲಿ ಶೆಡ್ಡಿನ ಮಾಡು, ತಗಡಿನ ಮೊಳೆಗಳು ಕೂಡ ಲೆಕ್ಕ ಮಾಡುವಷ್ಟು ಚೆನ್ನಾಗಿ ಕಾಣುತ್ತಿದ್ದವು.

ಮುಂದೆ ಏನಾಯಿತು ಎಂದು ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಅವರು ಊರಿಗೆ ಹೋಗಿ ಹಾಳಾಗಲಿಲ್ಲ. ಅದೇ ಬಸ್ಸಿನ ಶಾಪಿಗೆ ಮರಳಿದರು, ಮಗಳು ಟೀಚರಾದಳು. ನನ್ನನ್ನು ಆಫೀಸಿನಿಂದ ತೆಗೆದು ಬಿಡಿಭಾಗಗಳ ಸ್ಟೋರಿಗೆ ಹಾಕಿದರು. ಅಲ್ಲಿ ಎಸಿ ಇರಲಿಲ್ಲ, ನಿದ್ದೆಗೆ ಅಡ್ಡಿಯೂ ಇರಲಿಲ್ಲ. ವರ್ಷಗಳ ನಂತರ ರಜೆಯಲ್ಲಿ ಉಡುಪಿ ಬಸ್ ಸ್ಟ್ಯಾಂಡಿನಲ್ಲಿ ಅವರು ಸಿಕ್ಕಿದಾಗ ಬಹರೈನಿನ ಒಂದು ಮಾತನ್ನೂ ಎತ್ತಲಿಲ್ಲ. ಎದುರು ನಿಂತ ಬಸ್ಸಿನ ಗೆರೆ ತೋರಿಸಿ, "ಯಾರೋ ಸ್ಟಿಕರ್ ಅಂಟಿಸಿದ್ದು ನೋಡು, ನಾಚಿಕೆ ಇಲ್ಲದವರು" ಎಂದು ಬೈದರು.

ಈಗ ಆ ಭಾನುವಾರಕ್ಕೆ ಬರುತ್ತೇನೆ. ಸಂಜೆಗೆ ಅವರ ವಿಮಾನ. ಬೆಳಿಗ್ಗೆ ಹಿದ್‌ನ ಹಿರಿಯರು ಕಾರು ನೋಡಲು ಬಂದರು. ಶೆಡ್ಡಿನ ಬಾಗಿಲಲ್ಲೇ ನಿಂತುಬಿಟ್ಟರು. ಹತ್ತಿರ ಬಂದು, ಮುಟ್ಟದೆ, ಸುತ್ತ ಒಂದು ಸುತ್ತು ಹಾಕಿದರು. ಕಣ್ಣಿನಲ್ಲಿ ನೀರು ಬಂದದ್ದನ್ನು ತಲೆವಸ್ತ್ರದ ತುದಿಯಿಂದ ಒರೆಸಿಕೊಂಡರು. "ಕಿಸ್ನೇ ಕಿಯಾ?" ಎಂದರು. ಮಾಡಿದ್ದು ಯಾರು?

ಮೇಸ್ತ್ರಿ ಅಷ್ಟು ದೂರದಲ್ಲಿ ಲುಂಗಿ ಉಟ್ಟು ನಿಂತಿದ್ದರು. ಮ್ಯಾನೇಜರ್ ಹಿಂದಿಯಲ್ಲಿ, ನಮ್ಮ ಗ್ಯಾರೇಜಿನವರೆಲ್ಲ ಸೇರಿ ಮಾಡಿದ್ದು, ಒಬ್ಬ ಪೈಂಟರ್ ಹಾಳು ಮಾಡಿದ್ದರಿಂದ ತಡವಾಯಿತು, ಅವನನ್ನು ಇವತ್ತು ಕಳಿಸುತ್ತಿದ್ದೇವೆ ಎಂದರು. ಸಹಿ ಬೀಳದ ಆ ಕಾಗದಕ್ಕಾಗಿ ನನ್ನ ಕಡೆ ಕೈಚಾಚಿ, "ಆ ಕಾಗದ ತಾ, ಎಂತ ಬರ್ದದ್ದು ಅಂತ ಸಾಬರಿಗೆ ಹಿಂದಿಯಲ್ಲಿ ಹೇಳು" ಎಂದರು.

ನಾನು ಧೈರ್ಯವಂತನಲ್ಲ. ಮನೆಯಲ್ಲಿ ಆರು ತಿಂಗಳ ಮಗುವಿತ್ತು. ಆದರೆ ಒಮ್ಮೆ ಕನ್ನಡದಲ್ಲಿ ಓದಿದ್ದನ್ನು ಇನ್ನೊಂದು ಭಾಷೆಯಲ್ಲಿ ಓದಲು ನನ್ನಿಂದ ಆಗಲಿಲ್ಲ. "ಏ ಝೂಟ್ ಹೈ ಸಾಬ್" ಎಂದೆ. ಇದು ಸುಳ್ಳು, ಟೈಪ್ ಮಾಡಿದ್ದು ನಾನು, ಹಾಳು ಮಾಡಿಸಿದ್ದು ಇವರು, ಸರಿ ಮಾಡಿದ್ದು ಅಲ್ಲಿ ನಿಂತಿರುವ ಉಸ್ತಾದ್ ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

ಹಿರಿಯರು ಮ್ಯಾನೇಜರನ್ನು ನೋಡಿದರು, ಮೇಸ್ತ್ರಿಯನ್ನು ನೋಡಿದರು. ಆ ಮನುಷ್ಯನನ್ನು ಕಳಿಸಬೇಡಿ, ಅರಬಾಬಿನ ಹತ್ತಿರ ನಾನು ಮಾತಾಡುತ್ತೇನೆ ಎಂದಷ್ಟೇ ಹೇಳಿ, ಕಾರಿನ ಒಳಗೆ ಹೋಗಿ ಕೂತರು. ಮ್ಯಾನೇಜರ್ ಆ ಕ್ಷಣವೇ ಬದಲಾದರು. ನಮ್ಮಿಬ್ಬರನ್ನೂ ಆಫೀಸಿಗೆ ಕರೆದುಕೊಂಡು ಹೋದರು.

"ಇರಿ ಮೇಸ್ತ್ರಿಗಳೇ. ಕ್ಯಾನ್ಸಲ್ ವಾಪಸ್ ತೆಗೆಸುವ. ಆ ಕಾಗದ ಈಗಲೇ ಹರ್ದು ಹಾಕ್ತೇನೆ. ಆಯ್ತಲ್ಲ?"

"ಹರಿಯುದು ಬೇಡ" ಎಂದು ಮೇಸ್ತ್ರಿ ಅವರ ಕೈಯಿಂದ ಕಾಗದ ತೆಗೆದು ಮೇಜಿನ ಮೇಲೆ ನೇರ ಮಾಡಿ ಇಟ್ಟುಕೊಂಡರು. ಮ್ಯಾನೇಜರರ ಕಿಸೆಯ ಶಾಯಿ ಪೆನ್ನನ್ನು ಕೇಳಿ ತೆಗೆದುಕೊಂಡರು. ಟೈಪ್ ಮಾಡಿದ ಮೂರು ಸಾಲಿನ ಕೆಳಗೆ, ಬಸ್ಸಿನ ಬೋರ್ಡಿನಂಥ ದುಂಡು ಕನ್ನಡ ಅಕ್ಷರಗಳಲ್ಲಿ ನಿಧಾನವಾಗಿ ಬರೆದರು: ಮೇಲೆ ಬರೆದದ್ದು ಸುಳ್ಳು. ಶುಕ್ರವಾರ ನಾನು ಇಲ್ಲಿ ಇರಲಿಲ್ಲ. ಬಣ್ಣ ಹೊಡೆಸಿದ್ದು ಮ್ಯಾನೇಜರ್. ಕೆಳಗೆ ಸಹಿ ಹಾಕಿ ಕಾಗದವನ್ನು ಅವರ ಕಡೆ ತಿರುಗಿಸಿದರು.

"ಈಗ ನೀವು ಹಾಕಿ. ಹಾಕಿದ್ರೆ ಇರ್ತೇನೆ."

"ಇರಿ ಅಂತ ಮರ್ಯಾದೆಯಲ್ಲಿ ಹೇಳಿದ್ದು ಸಾಕಾಗುದಿಲ್ವಾ ನಿಮಗೆ?"

"ಮರ್ಯಾದೆ ತೆಗ್ದದ್ದು ಕಾಗದದಲ್ಲಿ. ಕಾಗದದಲ್ಲೇ ಕೊಡಿ."

ಮ್ಯಾನೇಜರ್ ಪೆನ್ನು ಕೈಗೆ ತೆಗೆದುಕೊಂಡರು. ನಿಬ್ಬನ್ನು ಕಾಗದದ ಹತ್ತಿರ ತಂದರು, ಹಿಂದೆ ತೆಗೆದರು. ಕಿಟಕಿ ನೋಡಿದರು. ಮೇಸ್ತ್ರಿ ಅವಸರ ಮಾಡಲಿಲ್ಲ, ಕೈಕಟ್ಟಿ ನಿಂತು ಕಾದರು. ಕೊನೆಗೆ ಪೆನ್ನು ಮೇಜಿಗೆ ಬಿತ್ತು.

"ಹಾಗಾದ್ರೆ ನಾನು ಹೋಗ್ತೇನೆ" ಎಂದರು ಮೇಸ್ತ್ರಿ. ಇದನ್ನು ಗುದೈಬಿಯಾದವರು ಕೇಳಿಸಿಕೊಳ್ಳಬೇಕು. ಇರಿ ಎಂದು ಬೇಡಿಕೊಂಡ ಕಂಪೆನಿಯನ್ನು ಬಿಟ್ಟು ಅವರಾಗಿ ಹೋದರು.

ಪೆನ್ನು ಅಲ್ಲೇ ಇತ್ತು. ನಾನು ತೆಗೆದುಕೊಂಡೆ. ಅವರ ಸಹಿಯ ಕೆಳಗೆ, "ಶುಕ್ರವಾರ ನಾನು ಇಲ್ಲಿದ್ದೆ, ಕಣ್ಣಾರೆ ನೋಡಿದ್ದೇನೆ" ಎಂದು ಕನ್ನಡದಲ್ಲೇ ಬರೆದು ನನ್ನ ಹೆಸರು ಹಾಕಿದೆ. ಒತ್ತಿ ಬರೆದದ್ದಕ್ಕೆ ಹೆಸರಿನ ಮೇಲೆ ಶಾಯಿ ದಪ್ಪಗೆ ಬಿತ್ತು. ಮ್ಯಾನೇಜರ್ ಎಲ್ಲಿ ಕಿತ್ತುಕೊಳ್ಳುತ್ತಾರೋ ಎಂದು ಗಡಿಬಿಡಿಯಲ್ಲಿ ಕಾಗದ ಮಡಚಿ ಫೈಲಿಗೆ ಸೇರಿಸಲು ಹೋದೆ. ಮೇಸ್ತ್ರಿ ನನ್ನ ಮಣಿಕಟ್ಟು ಹಿಡಿದರು.

"ನಿಲ್ಲು ಮಾರಾಯ, ಒಣಗಲಿ" ಎಂದರು.